ಮಹಾಮಾರಿಯ ಕಾಲದ ದೂರಚಿಕಿತ್ಸೆ: ಅದರ ದಾಖಲೆಗಳನ್ನು ಕುರಿತು ಒಂದು ವಿಮರ್ಶೆ

2020ನೆಯ ಇಸವಿಯಲ್ಲಿ ಜಗತ್ತನ್ನು ವ್ಯಾಪಿಸಿದ ಕೋವಿಡ್ ಮಹಾಮಾರಿಯು ಎರಡು ವರ್ಗದ ರೋಗಿಗಳನ್ನು ಏಕಕಾಲದಲ್ಲಿ ಸಂಕಟಕ್ಕೆ ಗುರಿಪಡಿಸಿತು. ಸೋಂಕಿಗೆ ಒಳಗಾದವರು ಮೊದಲನೆಯ ವರ್ಗದವರು. ಮಧುಮೇಹ, ರಕ್ತದೊತ್ತಡ, ಹೃದ್ರೋಗ, ಶ್ವಾಸಕೋಶದ ಹಳೆಯ ಬೇನೆ ಮೊದಲಾದ, ಬದುಕಿರುವವರೆಗೂ ಬಿಡದ ವ್ಯಾಧಿಗಳಿಗಾಗಿ ಆಗಾಗ ವೈದ್ಯರನ್ನು ಕಾಣಬೇಕಾಗಿದ್ದು, ಆ ದಾರಿ ಮುಚ್ಚಿಹೋದವರು ಎರಡನೆಯ ವರ್ಗದವರು. ಮೊದಲನೆಯವರ ವಿಷಯವಾಗಿ ಬಹಳ ಬರೆಯಲಾಗಿದೆ. ಎರಡನೆಯವರ ವಿಷಯದಲ್ಲಿ ಒಂದು ಮಾತು ಮಾತ್ರ ಪುನಃ ಪುನಃ ಕೇಳಿಬರುತ್ತಿದೆ: ಕಡಿದುಹೋದ ಸಂಬಂಧವನ್ನು ಸಂಪರ್ಕಿತ ಉಪಕರಣಗಳು ಕಾಪಾಡಿದವು ಎಂಬುದೇ ಆ ಮಾತು. ಸಂಪರ್ಕಿತ ಉಪಕರಣವೆಂದರೆ, ರೋಗಿಯ ಮನೆಯಲ್ಲಿದ್ದು ಅವನ ರಕ್ತದೊತ್ತಡ, ತೂಕ, ಸಕ್ಕರೆಯ ಪ್ರಮಾಣ, ನಾಡಿಯ ಗತಿ ಮುಂತಾದುವನ್ನು ಅಳೆದು, ಆ ಅಂಕಿಯನ್ನು ದೂರವಾಣಿಯ ಅಥವಾ ಅಂತರಜಾಲದ ಮೂಲಕ ವೈದ್ಯರಿಗೆ ತಲುಪಿಸುವ ಸಾಧನ. ಅಂಥ ಸಾಧನವಿಲ್ಲದೆ ಮೊಬೈಲಿನಲ್ಲಿಯೇ ನಡೆಯುವ ಸಂದರ್ಶನವನ್ನೂ ಇದರೊಡನೆ ಸೇರಿಸಿ ದೂರಚಿಕಿತ್ಸೆಯೆಂದು ಕರೆಯುವುದು ರೂಢಿಯಾಗಿದೆ.

ಈ ಮಾತು ಎಷ್ಟರಮಟ್ಟಿಗೆ ಸತ್ಯ, ಯಾವ ಆಧಾರದ ಮೇಲೆ ನಿಂತಿದೆ ಎಂಬುದನ್ನು ಪರಿಶೀಲಿಸುವುದು ನಮ್ಮ ಉದ್ದೇಶ. ವೈದ್ಯಶಾಸ್ತ್ರದಲ್ಲಿ ನಮಗೆ ಅಧಿಕಾರವಿಲ್ಲ. ದಾಖಲೆಯನ್ನು ಯಾರು ಬರೆದರು, ಏಕೆ ಬರೆದರು, ಅದರಲ್ಲಿ ಯಾರ ಹೆಸರು ಬಿಟ್ಟುಹೋಗಿದೆ ಎಂದು ಕೇಳುವುದು ಇತಿಹಾಸದ ವಿದ್ಯಾರ್ಥಿಗಳ ಅಭ್ಯಾಸ. ಆ ಅಭ್ಯಾಸವನ್ನೇ ಇಲ್ಲಿಗೂ ತಂದಿದ್ದೇವೆ.

ಸಂಕಟವು ಕಲ್ಪಿತವಾದುದಲ್ಲ. 2020ರ ಮೇ ತಿಂಗಳಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು 155 ರಾಷ್ಟ್ರಗಳಿಂದ ಉತ್ತರ ಪಡೆದು ನಡೆಸಿದ ವಿಚಾರಣೆಯಲ್ಲಿ, ರಕ್ತದೊತ್ತಡದ ಚಿಕಿತ್ಸೆಯು ಭಾಗಶಃ ಅಥವಾ ಪೂರ್ಣವಾಗಿ ಅಸ್ತವ್ಯಸ್ತಗೊಂಡಿದೆಯೆಂದು ಶೇಕಡಾ 53 ರಾಷ್ಟ್ರಗಳೂ, ಮಧುಮೇಹದ ಚಿಕಿತ್ಸೆಯ ವಿಷಯದಲ್ಲಿ ಶೇಕಡಾ 49 ರಾಷ್ಟ್ರಗಳೂ ತಿಳಿಸಿದುವು. ಹೀಗೆ ಅಡ್ಡಿಯುಂಟಾದ ರಾಷ್ಟ್ರಗಳ ಪೈಕಿ ಶೇಕಡಾ 58ರಲ್ಲಿ ಮುಖಾಮುಖಿ ಭೇಟಿಯ ಬದಲು ದೂರಚಿಕಿತ್ಸೆಯನ್ನು ಅನುಸರಿಸಲಾಗುತ್ತಿತ್ತು. ಕಡಿಮೆ ಆದಾಯದ ರಾಷ್ಟ್ರಗಳಲ್ಲಿ ಆ ಪ್ರಮಾಣ ಶೇಕಡಾ 42 ಮಾತ್ರ. ರೋಗಿಗಳಿಗೆ ಬೇರೆ ದಾರಿ ಹೆಚ್ಚು ಅಗತ್ಯವಾಗಿದ್ದ ಕಡೆಯಲ್ಲಿಯೇ ಅದು ಕಡಿಮೆ ತೆರೆದಿತ್ತೆಂಬುದು ಈ ಎರಡು ಅಂಕಿಗಳಿಂದ ತಿಳಿಯುತ್ತದೆ.

ದೂರದಿಂದ ಚಿಕಿತ್ಸೆ ಮಾಡುವ ಆಸೆ ಹೊಸದೆಂದು ಭಾವಿಸುವವರು ಹಿಂದಿನದನ್ನು ಸ್ವಲ್ಪ ನೋಡಬೇಕು. ದೂರವಾಣಿ ಹುಟ್ಟಿ ನಾಲ್ಕು ವರ್ಷ ಕಳೆಯುವುದರೊಳಗೆ, 1879ರಲ್ಲಿ, ಮಗುವಿನ ಕೆಮ್ಮನ್ನು ದೂರವಾಣಿಯಲ್ಲಿಯೇ ಆಲಿಸಿ ಭಯಪಡುವ ಕಾರಣವಿಲ್ಲವೆಂದು ಹೇಳಿದ ವೈದ್ಯನೊಬ್ಬನ ಪ್ರಸಂಗವು ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. 1905ರ ಮಾರ್ಚಿ ತಿಂಗಳಿನಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ವಿಲ್ಲೆಂ ಐಂತೋವನನು ಸುಮಾರು ಒಂದೂವರೆ ಕಿಲೋಮೀಟರು ದೂರದ ಆಸ್ಪತ್ರೆಯಲ್ಲಿದ್ದ ವ್ಯಕ್ತಿಯ ಹೃದಯದ ವಿದ್ಯುತ್ ರೇಖೆಯನ್ನು ದೂರವಾಣಿಯ ತಂತಿಯ ಮೂಲಕ ತನ್ನ ಪ್ರಯೋಗಶಾಲೆಯಲ್ಲಿ ದಾಖಲಿಸಿದನು. ಆದರೆ ಆ ಅದ್ಭುತದ ಮೂಲಕಾರಣ ಬಹಳ ಸಾಮಾನ್ಯವಾದುದು: ಅವನ ಯಂತ್ರವು ಆಸ್ಪತ್ರೆಗೆ ಒಯ್ಯಲಾಗದಷ್ಟು ಭಾರವಾಗಿತ್ತು, ರೋಗಿಗಳನ್ನು ಯಂತ್ರದ ಬಳಿಗೆ ಒಯ್ಯುವುದೂ ಸುಲಭವಾಗಿರಲಿಲ್ಲ. 1918ರ ಇನ್‌ಫ್ಲೂಯೆಂಜಾ ಕಾಲದಲ್ಲಿ ಅಮೆರಿಕಾದ ನಗರಗಳಲ್ಲಿ ಮನೆಯೊಳಗೆ ಸಿಕ್ಕಿಬಿದ್ದವರು ದೂರವಾಣಿಯನ್ನೇ ಆಶ್ರಯಿಸಿದರು. ಆಗ ಕರೆಗಳನ್ನು ಕೈಯಿಂದ ಜೋಡಿಸುತ್ತಿದ್ದ ವಿನಿಮಯ ಕೇಂದ್ರದ ಹೆಂಗಸರೇ ಹಾಸಿಗೆ ಹಿಡಿದುದರಿಂದ, ತೀರ ಅವಶ್ಯವಿದ್ದ ಹೊರತು ಕರೆ ಮಾಡಬೇಡಿರೆಂದು ದೂರವಾಣಿ ಕಂಪನಿಗಳು ಪತ್ರಿಕೆಗಳಲ್ಲಿ ವಿನಂತಿಸಬೇಕಾಯಿತು. ತಂತಿಯಲ್ಲಿ ದೋಷವಿರಲಿಲ್ಲ, ಅದನ್ನು ಜೋಡಿಸುವ ಕೈ ಇರಲಿಲ್ಲ. ನೂರೆರಡು ವರ್ಷಗಳ ಅನಂತರ ಬಂದ ಮಹಾಮಾರಿಯನ್ನು ಪರಿಶೀಲಿಸುವಾಗಲೂ ಈ ಸಂಗತಿಯನ್ನು ಮರೆಯಲಾಗದು.

ಮಹಾಮಾರಿಗೆ ಮೊದಲೇ ಈ ಉಪಕರಣಗಳ ಯೋಗ್ಯತೆಯನ್ನು ಕ್ರಮಬದ್ಧವಾಗಿ ಪರೀಕ್ಷಿಸಲಾಗಿತ್ತು. ಉಪಕರಣಗಳನ್ನು ಹೊಗಳುವವರೂ ತೆಗಳುವವರೂ ಈ ಪರೀಕ್ಷೆಗಳನ್ನು ಅಷ್ಟಾಗಿ ಲಕ್ಷಿಸಿದಂತೆ ತೋರುವುದಿಲ್ಲವಾದ್ದರಿಂದ, ಇಲ್ಲಿ ಸ್ವಲ್ಪ ನಿಲ್ಲುವುದು ಅವಶ್ಯ. 2010ರಲ್ಲಿ ಅಮೆರಿಕಾದಲ್ಲಿ ಹೃದಯ ವೈಫಲ್ಯದ 1,653 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲ ಪ್ರಕಟವಾಯಿತು. ರೋಗಿಯು ಪ್ರತಿದಿನ ಒಂದು ಸ್ವಯಂಚಾಲಿತ ದೂರವಾಣಿಗೆ ಕರೆ ಮಾಡಿ, ಯಂತ್ರದ ಧ್ವನಿಯು ಕೇಳುವ ಪ್ರಶ್ನೆಗಳಿಗೆ ಉತ್ತರವಾಗಿ ತನ್ನ ತೂಕವನ್ನೂ ರೋಗಲಕ್ಷಣಗಳನ್ನೂ ತಿಳಿಸಬೇಕು. ಆಸ್ಪತ್ರೆಯವರು ಅದನ್ನು ನೋಡಬೇಕು. ಆರು ತಿಂಗಳ ಕೊನೆಯಲ್ಲಿ, ಪುನಃ ಆಸ್ಪತ್ರೆ ಸೇರಿದವರ ಅಥವಾ ಮೃತರಾದವರ ಪ್ರಮಾಣವು ಈ ವ್ಯವಸ್ಥೆಯಿದ್ದವರಲ್ಲಿ ಶೇಕಡಾ 52.3, ಇಲ್ಲದವರಲ್ಲಿ ಶೇಕಡಾ 51.5. ಪ್ರಯೋಜನ ಕಾಣಲಿಲ್ಲ. ಇತಿಹಾಸಕಾರನ ದೃಷ್ಟಿಗೆ ಇದಕ್ಕಿಂತಲೂ ಮುಖ್ಯವಾದ ಅಂಕಿ ಬೇರೊಂದಿದೆ: ವ್ಯವಸ್ಥೆಯನ್ನು ಪಡೆದವರಲ್ಲಿ ಶೇಕಡಾ 14ರಷ್ಟು ಜನ ಅದನ್ನು ಒಂದು ಸಲವೂ ಬಳಸಲಿಲ್ಲ, ಕೊನೆಯ ವಾರದಲ್ಲಿ ವಾರಕ್ಕೆ ಮೂರು ಸಲವಾದರೂ ಬಳಸುತ್ತಿದ್ದವರು ಶೇಕಡಾ 55 ಮಾತ್ರ. ಯಂತ್ರದೊಡನೆ ಮಾತಾಡಿ ಬೇಸತ್ತವರ ಪ್ರಮಾಣವನ್ನು ಇಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಂಡ ವರದಿಗಳು ವಿರಳ.

ಇದರೆದುರಿಗೆ 2018ರಲ್ಲಿ ಜರ್ಮನಿಯಿಂದ ಬಂದ ಪರೀಕ್ಷೆಯನ್ನು ಇಟ್ಟು ನೋಡಬೇಕು. ರೋಗ ಅದೇ; ಅಳೆಯುವ ವಸ್ತುಗಳು ತಕ್ಕಡಿ, ರಕ್ತದೊತ್ತಡದ ಮಾಪಕ, ಹೃದಯರೇಖೆಯ ಯಂತ್ರ. ರೋಗಿಗಳ ಸಂಖ್ಯೆ 1,500ಕ್ಕೂ ಮೇಲೆ. ಅನಿರೀಕ್ಷಿತವಾಗಿ ಆಸ್ಪತ್ರೆಯಲ್ಲಿ ಕಳೆದ ಅಥವಾ ಮರಣದಿಂದ ನಷ್ಟವಾದ ದಿನಗಳು ವರ್ಷಕ್ಕೆ 24.2ರಿಂದ 17.8ಕ್ಕೆ ಇಳಿದವು, ಮರಣದ ಪ್ರಮಾಣವೂ ಇಳಿಯಿತು. ಈ ಅಂತರಕ್ಕೆ ಕಾರಣವೇನು? ರೋಗಿಗಳ ಆಯ್ಕೆಯಲ್ಲಿ ಭೇದಗಳಿದ್ದುವು ನಿಜ. ಆದರೆ ನಮ್ಮ ಕಣ್ಣಿಗೆ ಬೀಳುವ ದೊಡ್ಡ ಭೇದವೆಂದರೆ, ಬರ್ಲಿನ್ನಿನ ಷಾರಿಟೆ ಆಸ್ಪತ್ರೆಯಲ್ಲಿ ಹಗಲೂ ಇರುಳೂ ವೈದ್ಯರೂ ದಾದಿಯರೂ ಕುಳಿತಿದ್ದ ಒಂದು ಕೇಂದ್ರವಿತ್ತು. ಅಂಕಿ ಬಂದ ಕೂಡಲೆ ಅವರು ರೋಗಿಯೊಡನೆ ಮಾತಾಡುತ್ತಿದ್ದರು, ಔಷಧವನ್ನು ಬದಲಿಸುತ್ತಿದ್ದರು, ರೋಗಿಯ ಊರಿನ ವೈದ್ಯರಿಗೆ ತಿಳಿಸುತ್ತಿದ್ದರು.

ಇಂಗ್ಲೆಂಡಿನಲ್ಲಿ 2008ರಿಂದ ನಡೆದ ದೊಡ್ಡ ಪ್ರಯೋಗವೊಂದರಲ್ಲಿ ಮಧುಮೇಹ, ಶ್ವಾಸಕೋಶದ ಬೇನೆ, ಹೃದಯ ವೈಫಲ್ಯಗಳಿದ್ದ 3,230 ರೋಗಿಗಳು ಭಾಗವಹಿಸಿದ್ದರು. ಅದರ ಫಲಿತಾಂಶವನ್ನು ಹೊಗಳುವವರು 2012ರ ವರದಿಯನ್ನು ಉದಾಹರಿಸುತ್ತಾರೆ. ಮರಣದ ಪ್ರಮಾಣವು ಶೇಕಡಾ 8.3ರಿಂದ 4.6ಕ್ಕೆ ಇಳಿದಿದ್ದುದು ಅದರಲ್ಲಿದೆ. ಅದೇ ಪ್ರಯೋಗದ ವೆಚ್ಚವನ್ನು ಲೆಕ್ಕಹಾಕಿ, ಲಾಭಕ್ಕೆ ತಕ್ಕ ವೆಚ್ಚವಲ್ಲವೆಂದು ಹೇಳಿದ 2013ರ ವರದಿಯನ್ನು ಉದಾಹರಿಸುವುದು ಕಡಿಮೆ. ಒಂದೇ ಶಾಸನದ ಅರ್ಧಭಾಗವನ್ನು ಮಾತ್ರ ಓದಿ ರಾಜನ ದಾನಶೀಲತೆಯನ್ನು ವರ್ಣಿಸುವ ಪದ್ಧತಿ ನಮ್ಮಲ್ಲಿಯೂ ಇರುವುದರಿಂದ, ಇದನ್ನು ಪರರ ದೋಷವೆಂದು ಎತ್ತಿ ಆಡುವ ಇಚ್ಛೆ ನಮಗಿಲ್ಲ.

ಮಹಾಮಾರಿ ಬಂದಾಗ ಪರೀಕ್ಷೆಗೆ ಕಾಲಾವಕಾಶವಿರಲಿಲ್ಲ. ಅಮೆರಿಕಾದ ಸರ್ಕಾರಿ ವೃದ್ಧ ವಿಮಾ ಯೋಜನೆಯಾದ ಮೆಡಿಕೇರಿನಲ್ಲಿ, ಮಹಾಮಾರಿಗೆ ಮುಂಚೆ ವಾರಕ್ಕೆ ಸುಮಾರು 13,000 ಜನ ದೂರಚಿಕಿತ್ಸೆಯನ್ನು ಪಡೆಯುತ್ತಿದ್ದರು. 2020ರ ಏಪ್ರಿಲ್ ಕೊನೆಯ ವಾರದಲ್ಲಿ ಆ ಸಂಖ್ಯೆ ಸುಮಾರು 17 ಲಕ್ಷಕ್ಕೆ ಏರಿತು. ಉಪಕರಣಗಳ ವಿಜಯಕ್ಕೆ ಸಾಕ್ಷಿಯಾಗಿ ಎಲ್ಲೆಲ್ಲಿಯೂ ಎತ್ತಿ ತೋರಿಸಲಾಗುವ ಅಂಕಿ ಇದು. ಆದರೆ ಆ ರೋಗಿಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಜನ ಚಿತ್ರವಿಲ್ಲದ ಬರಿಯ ಧ್ವನಿಯ ದೂರವಾಣಿಯಲ್ಲಿಯೇ ವೈದ್ಯರೊಡನೆ ಮಾತಾಡಿದರೆಂಬುದೂ ಅದೇ ಇಲಾಖೆಯ ಲೆಕ್ಕದಲ್ಲಿದೆ. 1879ರ ಆ ಮಗುವಿನ ಕೆಮ್ಮನ್ನು ಕೇಳಿದ ಸಾಧನವೇ ಇದು. ಹೊಸ ಯಂತ್ರದ ಖಾತೆಗೆ ಜಮೆಯಾದ ಯಶಸ್ಸಿನಲ್ಲಿ ಹಳೆಯ ಯಂತ್ರದ ಪಾಲನ್ನು ಬೇರ್ಪಡಿಸಿ ಬರೆಯುವುದು ನ್ಯಾಯ.

ಉಪಕರಣವು ಕೊಡುವ ಅಂಕಿಯು ಎಲ್ಲರ ವಿಷಯದಲ್ಲಿಯೂ ಸಮಾನವಾಗಿ ಸತ್ಯವೆಂದು ನಂಬುವುದೂ ತಪ್ಪು. ಬೆರಳಿಗೆ ಸಿಕ್ಕಿಸಿ ರಕ್ತದಲ್ಲಿನ ಆಮ್ಲಜನಕವನ್ನು ಅಳೆಯುವ ಆಕ್ಸಿಮೀಟರು ಇದಕ್ಕೆ ತಕ್ಕ ನಿದರ್ಶನ. ನಾಡಿಯ ಮಿಡಿತವನ್ನು ಆಧರಿಸಿದ ಅದರ ತತ್ತ್ವವನ್ನು 1970ರ ದಶಕದ ಆರಂಭದಲ್ಲಿ ಕಂಡುಹಿಡಿದವನು ಜಪಾನಿನ ತಕುವೊ ಅಒಯಾಗಿ. ತನ್ನ ಶೋಧನೆಯು ಜಗತ್ತಿನ ಮನೆಗಳೊಳಗೆ ಹೊಗುತ್ತಿದ್ದ 2020ರ ಏಪ್ರಿಲ್ ತಿಂಗಳಿನಲ್ಲಿಯೇ ಅವನು ತೀರಿಕೊಂಡನು. ಇಂಗ್ಲೆಂಡಿನಲ್ಲಿ ಆ ವರ್ಷದ ಕೊನೆಯಲ್ಲಿ, ಸೋಂಕು ತಗುಲಿದವರ ಪೈಕಿ ವೃದ್ಧರನ್ನೂ ಹಳೆಯ ವ್ಯಾಧಿಗಳಿಂದ ದುರ್ಬಲರಾದವರನ್ನೂ ಮುಖ್ಯವಾಗಿ ಉದ್ದೇಶಿಸಿ, ಮನೆಗೆ ಆಕ್ಸಿಮೀಟರನ್ನು ಕೊಟ್ಟು ದೂರದಿಂದ ನೋಡಿಕೊಳ್ಳುವ ಯೋಜನೆಯು ದೇಶವ್ಯಾಪಿಯಾಗಿ ಪ್ರಾರಂಭವಾಯಿತು. 2020ರ ಡಿಸೆಂಬರಿನಲ್ಲಿ ಮಿಷಿಗನ್ನಿನ ವೈದ್ಯರು ಪ್ರಕಟಿಸಿದ ಅಧ್ಯಯನವು ಇಲ್ಲಿ ಗಮನಾರ್ಹ. ಉಪಕರಣವು 92ರಿಂದ 96ರವರೆಗಿನ ನಿಶ್ಚಿಂತೆಯ ಅಂಕಿಯನ್ನು ತೋರಿಸುತ್ತಿದ್ದಾಗ, ಧಮನಿಯ ರಕ್ತವನ್ನು ತೆಗೆದು ಪರೀಕ್ಷಿಸಿದರೆ ನಿಜವಾದ ಪ್ರಮಾಣವು 88ಕ್ಕಿಂತ ಕೆಳಗಿದ್ದ ಸಂದರ್ಭಗಳು ಬಿಳಿಯ ರೋಗಿಗಳಲ್ಲಿ ಶೇಕಡಾ 3.6, ಕರಿಯ ರೋಗಿಗಳಲ್ಲಿ ಶೇಕಡಾ 11.7. ಬೆಳಕು ಚರ್ಮವನ್ನು ಹಾಯ್ದು ಹೋಗಬೇಕಾದುದರಿಂದ ಚರ್ಮದ ಬಣ್ಣವು ಅಳತೆಯನ್ನು ಕೆಡಿಸುತ್ತದೆ.

ಇದು 2020ರಲ್ಲಿ ಮೊದಲು ತಿಳಿದ ವಿಷಯವೂ ಅಲ್ಲ. ಕರಿಯ ರೋಗಿಗಳಲ್ಲಿ ಈ ಉಪಕರಣದ ನಿಖರತೆ ಕಡಿಮೆಯೆಂಬ ಅಧ್ಯಯನವು 1990ರಲ್ಲಿಯೇ ಪ್ರಕಟವಾಗಿತ್ತು. ಮೂವತ್ತು ವರ್ಷಗಳ ಕಾಲ ತಿಳಿದೂ ತಿದ್ದದೆ ಉಳಿದ ದೋಷವನ್ನು ಉಪಕರಣದ ದೋಷವೆಂದಷ್ಟೇ ಹೇಳಿ ಮುಗಿಸಲಾಗದು. ಅಮೆರಿಕಾದ ಅಂಕಿಗಳನ್ನು ಭಾರತೀಯರಿಗೆ ಹಾಗೆಯೇ ಅನ್ವಯಿಸಬಾರದೆಂಬುದು ಸರಿ. ಆದರೆ 2021ರ ಎರಡನೆಯ ಅಲೆಯಲ್ಲಿ ಆಕ್ಸಿಮೀಟರಿಗಾಗಿ ಔಷಧದ ಅಂಗಡಿಗಳನ್ನು ಅಲೆದ ಜನ ಬಹುಪಾಲು ಕಂದು ಬಣ್ಣದವರೇ ಆಗಿದ್ದರೆಂಬುದನ್ನು ನೆನೆದರೆ ಪ್ರಶ್ನೆ ನಮ್ಮ ಬಾಗಿಲಿಗೇ ಬರುತ್ತದೆ.

ಇನ್ನು ನಮ್ಮ ದೇಶದ ದಾಖಲೆಗಳನ್ನು ನೋಡೋಣ. ದೇಶವ್ಯಾಪಿ ದಿಗ್ಬಂಧನವು ಜಾರಿಗೆ ಬಂದ ದಿನವೇ, ಅಂದರೆ 2020ರ ಮಾರ್ಚಿ 25ರಂದು, ದೂರಚಿಕಿತ್ಸೆಯ ಮಾರ್ಗದರ್ಶಿ ಸೂತ್ರಗಳು ಹೊರಬಂದುವು. ಅಲ್ಲಿಯವರೆಗೆ ದೂರವಾಣಿಯಲ್ಲಿ ಔಷಧ ಹೇಳುವ ವೈದ್ಯರು ಕಾನೂನಿನ ಭಯದಲ್ಲಿದ್ದರು. 2018ರಲ್ಲಿ ಬೊಂಬಾಯಿಯ ಉಚ್ಚ ನ್ಯಾಯಾಲಯವು ದೂರವಾಣಿಯ ಸೂಚನೆಯಿಂದ ಚಿಕಿತ್ಸೆ ನಡೆದು ರೋಗಿ ಮೃತಳಾದ ಪ್ರಕರಣದಲ್ಲಿ ವೈದ್ಯರಿಗೆ ನಿರೀಕ್ಷಣಾ ಜಾಮೀನನ್ನು ನಿರಾಕರಿಸಿದುದು ಆ ಭಯವನ್ನು ಹೆಚ್ಚಿಸಿತ್ತು. ಸೂತ್ರಗಳು ಆ ಭಯವನ್ನು ನಿವಾರಿಸಿದುವು. ಇದು ದೊಡ್ಡ ಉಪಕಾರವೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಈ ದಾಖಲೆಯನ್ನು ಕೊನೆಯವರೆಗೆ ಓದಿದವರಿಗೆ ಒಂದು ವಿಚಿತ್ರ ಕಾಣುತ್ತದೆ. ಉಪಕರಣಗಳ ಹಾಗೂ ತಂತ್ರಾಂಶದ ಗುಣಮಟ್ಟ, ಮಾಹಿತಿಯ ನಿರ್ವಹಣೆ, ಒಂದು ವ್ಯವಸ್ಥೆಯು ಇನ್ನೊಂದರೊಡನೆ ಹೊಂದಿಕೊಳ್ಳುವ ಬಗೆ, ಇವು ತನ್ನ ವ್ಯಾಪ್ತಿಗೆ ಸೇರಿಲ್ಲವೆಂದು ಅದು ಸ್ಪಷ್ಟವಾಗಿ ಹೇಳಿಬಿಡುತ್ತದೆ. ರೋಗಿಯ ಪರವಾಗಿ ಮಾತಾಡುವ ಮನೆಯವರನ್ನೂ, ರೋಗಿಯ ಪಕ್ಕದಲ್ಲಿ ಕುಳಿತು ವೈದ್ಯರಿಗೆ ವಿಷಯ ತಿಳಿಸುವ ದಾದಿ ಮೊದಲಾದ ಆರೋಗ್ಯ ಕಾರ್ಯಕರ್ತರನ್ನೂ ಕುರಿತು ಮಾತ್ರ ಪ್ರತ್ಯೇಕ ಭಾಗಗಳೇ ಇವೆ. ಉಪಕರಣಗಳ ಯುಗದ ಶಾಸನವೆಂದು ಕೀರ್ತಿತವಾದ ಬರಹವು ಉಪಕರಣದ ವಿಷಯದಲ್ಲಿ ಮೌನವಾಗಿದ್ದು, ಮನುಷ್ಯರ ವಿಷಯದಲ್ಲಿ ವಿಸ್ತಾರವಾಗಿದೆ. ಬರೆದವರು ವಾಸ್ತವವನ್ನು ಬಲ್ಲವರಾಗಿದ್ದರೆಂದು ನಮಗೆ ತೋರುತ್ತದೆ.

ದೀರ್ಘರೋಗಿಗಳ ದೃಷ್ಟಿಯಿಂದ ಅದರಲ್ಲಿ ಒಂದು ತೊಡಕು ಉಂಟು. ಅದೇ ವೈದ್ಯರನ್ನು ಅದೇ ರೋಗಕ್ಕಾಗಿ ಆರು ತಿಂಗಳೊಳಗೆ ಕಂಡಿದ್ದವನ ಭೇಟಿಯು ಮುಂದುವರಿದ ಭೇಟಿಯೆನಿಸುತ್ತದೆ. ಆರು ತಿಂಗಳು ಮೀರಿದರೆ ಅದು ಪ್ರಥಮ ಭೇಟಿ. ಪ್ರಥಮ ಭೇಟಿಯಲ್ಲಿ ತೀರ ಸಾಮಾನ್ಯವಾದ ಔಷಧಗಳ ಪಟ್ಟಿಯನ್ನು ದಾಟಬೇಕಾದರೆ ವೈದ್ಯರೂ ರೋಗಿಯೂ ಒಬ್ಬರನ್ನೊಬ್ಬರು ಪರದೆಯ ಮೇಲೆ ನೋಡಬೇಕು. ಹತ್ತು ವರ್ಷಗಳಿಂದ ರಕ್ತದೊತ್ತಡದ ಮಾತ್ರೆಯನ್ನು ನುಂಗುತ್ತಿರುವ ಮುದುಕಿಯು ಆರು ತಿಂಗಳು ಆಸ್ಪತ್ರೆಗೆ ಬಾರದಿದ್ದರೆ, ನಿಯಮದ ಕಣ್ಣಿಗೆ ಅವಳು ಹೊಸಬಳು. ಅವಳ ಕೈಯಲ್ಲಿರುವುದು ಗುಂಡಿಗಳ ಸಾಮಾನ್ಯ ಮೊಬೈಲಾದರೆ ಅವಳಿಗೆ ಪರದೆಯೂ ಇಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ತಾವೇ ಬಳಸುವ ಮೊಬೈಲು ಇದ್ದ ಸ್ತ್ರೀಯರು ಶೇಕಡಾ 54, ಎಂದಾದರೂ ಅಂತರಜಾಲವನ್ನು ಬಳಸಿದ್ದವರು ಶೇಕಡಾ 33. ಈ ಸಮೀಕ್ಷೆಯು 15ರಿಂದ 49 ವರ್ಷದ ಸ್ತ್ರೀಯರದು. ನಮ್ಮ ಮುದುಕಿಯು ಅದರ ಲೆಕ್ಕದೊಳಗೇ ಇಲ್ಲ.

2020ರ ಏಪ್ರಿಲ್ 13ರಂದು, ಮನೆಯಿಂದಲೇ ವೈದ್ಯರನ್ನು ಕಾಣುವ ಇ-ಸಂಜೀವನಿ ಹೊರರೋಗಿ ಸೇವೆಯು ಆರಂಭವಾಯಿತು. 2023ರ ಫೆಬ್ರವರಿಯ ವೇಳೆಗೆ ಇ-ಸಂಜೀವನಿಯ ಒಟ್ಟು ಸಂದರ್ಶನಗಳು ಹತ್ತು ಕೋಟಿಯನ್ನು ದಾಟಿದುವು. ಇವುಗಳಲ್ಲಿ ಬಹುಭಾಗವು ಮನೆಯಿಂದ ನಡೆದುವಲ್ಲ. ಗ್ರಾಮದ ಆರೋಗ್ಯ ಕೇಂದ್ರಕ್ಕೆ ರೋಗಿಯು ನಡೆದು ಬಂದು, ಅಲ್ಲಿಯ ಆರೋಗ್ಯಾಧಿಕಾರಿಯ ಪಕ್ಕದಲ್ಲಿ ಕುಳಿತು, ಅವರ ಮೂಲಕ ದೂರದ ವೈದ್ಯರೊಡನೆ ಮಾತಾಡಿದ ಸಂದರ್ಶನಗಳೇ ಹೆಚ್ಚು. ಫಲಾನುಭವಿಗಳಲ್ಲಿ ಸ್ತ್ರೀಯರು ಶೇಕಡಾ 57ಕ್ಕೂ ಮೇಲಿದ್ದರೆಂಬುದು ಸಂತೋಷದ ಸಂಗತಿ. ವೃದ್ಧರು ಸುಮಾರು ಶೇಕಡಾ 12 ಎಂಬುದು ಯೋಚನೆಗೆ ಎಡೆಗೊಡುತ್ತದೆ. ದೀರ್ಘರೋಗಗಳ ಭಾರವು ಯಾರ ಮೇಲೆ ಹೆಚ್ಚೋ ಅವರ ಪಾಲು, ಜನಸಂಖ್ಯೆಯಲ್ಲಿ ಅವರಿಗಿರುವ ಪಾಲಿಗಿಂತ ಹೆಚ್ಚೇನೂ ಮೇಲಿಲ್ಲ.

ಕರ್ನಾಟಕದ ಒಂದು ಪ್ರಸಂಗವು ನಮ್ಮ ವಾದಕ್ಕೆ ಹೆಚ್ಚಿನ ಬೆಳಕನ್ನು ಬೀರುತ್ತದೆ. 2020ರ ಮಧ್ಯಭಾಗದಲ್ಲಿ ರಾಜ್ಯದ ಸುಮಾರು 42,000 ಆಶಾ ಕಾರ್ಯಕರ್ತೆಯರು ಮನೆಯಿಂದ ಮನೆಗೆ ನಡೆದು, ಸುಮಾರು 1.59 ಕೋಟಿ ಕುಟುಂಬಗಳಲ್ಲಿ ವೃದ್ಧರು ಯಾರು, ಹಳೆಯ ವ್ಯಾಧಿಗಳಿಂದ ನರಳುವವರು ಯಾರು, ರೋಗನಿರೋಧ ಶಕ್ತಿ ಕುಂದಿದವರು ಯಾರು ಎಂಬುದನ್ನು ಗುರುತು ಹಾಕಿದರು. ದೂರಚಿಕಿತ್ಸೆಗೆ ಮೊದಲು ದೂರದಲ್ಲಿ ಯಾರಿದ್ದಾರೆಂದು ತಿಳಿಯಬೇಕಷ್ಟೆ. ಆ ತಿಳಿವಳಿಕೆಯು ಕಾಲ್ನಡಿಗೆಯಿಂದ ದೊರೆಯಿತು. ಜುಲೈ ತಿಂಗಳ ಆದಿಯಲ್ಲಿ ಕೇಂದ್ರ ಸರ್ಕಾರದ ಪತ್ರಿಕಾ ಪ್ರಕಟಣೆಯು ಈ ಕಾರ್ಯವನ್ನು ಪ್ರಶಂಸಿಸಿತು. ಅದೇ ತಿಂಗಳಿನಲ್ಲಿ, ಕೆಲವೇ ದಿನಗಳ ಅಂತರದಲ್ಲಿ, ಅದೇ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿಗಳ ನಿಶ್ಚಿತ ಗೌರವಧನವನ್ನೂ ರಕ್ಷಣಾ ಸಾಮಗ್ರಿಯನ್ನೂ ಕೇಳಿ ಮುಷ್ಕರ ಹೂಡಿದರು. ಈ ಎರಡು ಕಾಗದಗಳನ್ನು ಒಂದೇ ಕಡತದಲ್ಲಿ ಇಟ್ಟು ಓದಿದ ಲೇಖನವು ನಮ್ಮ ಕಣ್ಣಿಗೆ ಇನ್ನೂ ಬಿದ್ದಿಲ್ಲ.

ಉಪಕರಣಗಳಿಂದ ಪ್ರಯೋಜನವೇ ಆಗಲಿಲ್ಲವೆಂದು ನಾವು ವಾದಿಸುತ್ತಿಲ್ಲ. ರಕ್ತದೊತ್ತಡವನ್ನು ಮನೆಯಲ್ಲಿಯೇ ಅಳೆದುಕೊಂಡು ವೈದ್ಯರಿಗೆ ಕಳಿಸಿ, ಮೊದಲೇ ಒಪ್ಪಿಕೊಂಡ ಕ್ರಮದಂತೆ ಮಾತ್ರೆಯನ್ನು ಹೊಂದಿಸಿಕೊಂಡವರಿಗೆ ಒತ್ತಡವು ಹೆಚ್ಚು ಇಳಿಯಿತೆಂಬುದು 2010ರ ಇಂಗ್ಲೆಂಡಿನ ಪರೀಕ್ಷೆಯಿಂದ ಸಿದ್ಧವಾಗಿದೆ. ಒಂದು ವರ್ಷದಲ್ಲಿ 17.6 ಅಂಕ ಇಳಿದರೆ, ಸಾಮಾನ್ಯ ಚಿಕಿತ್ಸೆಯಲ್ಲಿದ್ದವರಿಗೆ 12.2. ನಮ್ಮ ಆಕ್ಷೇಪಣೆಯು ಉಪಕರಣದ ಮೇಲಲ್ಲ, ಅದರ ಚರಿತ್ರೆಯನ್ನು ಬರೆಯುವ ರೀತಿಯ ಮೇಲೆ. ಸಂಪರ್ಕವು ನಡೆದಾಗಲೆಲ್ಲ ಯಂತ್ರವು ತಾನಾಗಿಯೇ ಒಂದು ಗುರುತನ್ನು ಬಿಡುತ್ತದೆ. ನಡೆಯದಿದ್ದಾಗ ಏನನ್ನೂ ಬಿಡುವುದಿಲ್ಲ. ಹತ್ತು ಕೋಟಿ, ಹದಿನೇಳು ಲಕ್ಷ ಎಂಬ ಸಂಖ್ಯೆಗಳು ತಲುಪಿದವರ ಎಣಿಕೆ. ತಲುಪದವನು ಮಾತ್ರೆ ಮುಗಿದು ಸುಮ್ಮನಾದನೋ, ಅಂಗಡಿಯವನನ್ನು ಕೇಳಿ ಹಳೆಯ ಚೀಟಿಯ ಮೇಲೆಯೇ ಕೊಂಡನೋ, ತೀರಿಕೊಂಡನೋ, ಯಂತ್ರಕ್ಕೆ ಗೊತ್ತಿಲ್ಲ. ನಾಳೆ ಈ ಮಹಾಮಾರಿಯ ಇತಿಹಾಸವನ್ನು ಬರೆಯುವವನು ಈ ಗುರುತುಗಳನ್ನೇ ಆಧರಿಸಿದರೆ, ಉಪಕರಣವಿದ್ದವರ ಇತಿಹಾಸವನ್ನು ಎಲ್ಲರ ಇತಿಹಾಸವೆಂದು ಬರೆದಂತಾಗುತ್ತದೆ.

ಇದಕ್ಕೆ ಅಪವಾದವೂ ಇದೆ. 2017ರ ಕೊನೆಯಲ್ಲಿ ಆರಂಭವಾದ ಭಾರತ ರಕ್ತದೊತ್ತಡ ನಿಯಂತ್ರಣ ಯೋಜನೆಯ ಹಲವು ಆರೋಗ್ಯ ಕೇಂದ್ರಗಳಲ್ಲಿ ದಾದಿಯರು ಸಿಂಪಲ್ ಎಂಬ ಮೊಬೈಲು ಪುಸ್ತಕವನ್ನು ಬಳಸುತ್ತಾರೆ. ರೋಗಿಯ ಒತ್ತಡದ ಅಂಕಿಯನ್ನು ಅದರಲ್ಲಿ ಬರೆದಿಡಬಹುದು; ಆದರೆ ಅದರ ವಿಶೇಷವೆಂದರೆ, ಗೊತ್ತಾದ ದಿನ ಬಾರದವರ ಪಟ್ಟಿಯನ್ನು ಅದು ತಯಾರಿಸಿ ದಾದಿಯ ಮುಂದಿಡುತ್ತದೆ, ಆಕೆ ಅವರಿಗೆ ದೂರವಾಣಿ ಮಾಡಬೇಕು. ಮಹಾಮಾರಿಯ ಕಾಲದಲ್ಲಿ ಈ ಯೋಜನೆಯಡಿ ಒಂದು ತಿಂಗಳ ಬದಲು ಎರಡು ಮೂರು ತಿಂಗಳ ಮಾತ್ರೆಗಳನ್ನು ಒಮ್ಮೆಗೇ ಕೊಡಲಾಯಿತು, ಹಳ್ಳಿಯ ಉಪಕೇಂದ್ರಗಳವರೆಗೂ ಅವನ್ನು ಮುಟ್ಟಿಸಲಾಯಿತು. ಗೈರುಹಾಜರಾದವನ ಹೆಸರನ್ನು ಬರೆಯುವ ಪುಸ್ತಕ ನಮ್ಮ ಶಾಲೆಗಳಲ್ಲಿ ಎಂದಿನಿಂದಲೂ ಇದೆ. ಆಸ್ಪತ್ರೆಯ ಯಂತ್ರಗಳಲ್ಲಿ ಅದು ಇಷ್ಟು ತಡವಾಗಿ ಕಾಣಿಸಿಕೊಂಡುದು ಆಶ್ಚರ್ಯ.

ಪಟ್ಟಿಯಿಲ್ಲದ ಕಡೆಗಳಲ್ಲಿಯೂ ಸಾಧನ ಸಾಮಗ್ರಿಯು ಪೂರ್ತಿ ನಷ್ಟವಾಗಿದೆಯೆಂದು ಹೇಳಲಾಗದು. ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಆರಿಸಿಕೊಂಡು, 2019ರಲ್ಲಿ ಸಕ್ಕರೆಯ ಮತ್ತು ಒತ್ತಡದ ಮಾತ್ರೆಗಳನ್ನು ಪಡೆಯುತ್ತಿದ್ದವರ ವಹಿಯನ್ನು 2021ರ ವಹಿಯೊಡನೆ ಸಾಲುಸಾಲಾಗಿ ಹೋಲಿಸಿದರೆ, ನಡುವೆ ಕಾಣೆಯಾದವರು ಎಷ್ಟು ಜನ, ಯಾವ ವಯಸ್ಸಿನವರು, ಹೆಂಗಸರೆಷ್ಟು, ಯಾವ ಊರಿನವರೆಂಬುದು ಹೊರಬೀಳುತ್ತದೆ. ಅವರಿಗೆ ಏನಾಯಿತೆಂಬುದನ್ನು ಆ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಬೇಕು. ವೈದ್ಯಾಧಿಕಾರಿಗಳ ಅನುಮತಿಯಿಂದ, ರೋಗಿಗಳ ಹೆಸರನ್ನು ಮರೆಮಾಚಿ, ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬನು ಒಂದು ವರ್ಷದಲ್ಲಿ ಮಾಡಬಹುದಾದ ಕೆಲಸವಿದು. ಹಳೆಯ ವಹಿಗಳು ರದ್ದಿಗೆ ಹೋಗುವುದಕ್ಕೆ ಮುಂಚೆ ಅದು ನಡೆಯಬೇಕಾಗಿದೆ.